ಹತ್ತು ನಿಮಿಷದ ಬಿಸಿ

ಫೆಬ್ರವರಿ 11

ಕಳೆದ ಅಕ್ಟೋಬರ್ ಹದಿನೇಳರಂದು ನಗರದ ಸಾರ್ವಜನಿಕ ಪ್ರಯೋಗಾಲಯ ನನ್ನ ತಮ್ಮನ ಕಫ ಪರೀಕ್ಷಿಸಿ, ಕ್ಷಯದ ರೋಗಾಣು 'ಪತ್ತೆಯಾಗಿಲ್ಲ' ಎಂದು ಚೀಟಿ ಕೊಟ್ಟಿತು. ಜನವರಿ ಇಪ್ಪತ್ತೊಂಬತ್ತರಂದು ಅವನು ಅದೇ ಕ್ಷಯದಿಂದ ಸತ್ತ. ಸಾಯುವ ಹನ್ನೆರಡು ದಿನ ಮೊದಲು ದೊಡ್ಡಾಸ್ಪತ್ರೆಯವರು ಅವನ ಎದೆಯ ಚಿತ್ರ ನೋಡಿ, ಕಫ ನೋಡಿ, "ಇಷ್ಟು ದಿನ ಎಲ್ಲಿದ್ರಿ?" ಎಂದು ಕೇಳಿದರು. ಎಲ್ಲಿದ್ದೆವು? ಚೀಟಿ ನಂಬಿಕೊಂಡು ಮನೆಯಲ್ಲಿದ್ದೆವು.

ಇದನ್ನು ನನಗಾಗಿ ಬರೆದಿಡುತ್ತಿದ್ದೇನೆ. ಮೂವತ್ತಾರು ವರ್ಷ ಕಾಲೇಜಿನ ಗ್ರಂಥಾಲಯ ನೋಡಿಕೊಂಡವಳು ನಾನು. ಬರೆದಿಡದ್ದು ನಡೆದೇ ಇಲ್ಲ ಎಂದು ವಾದಿಸುವವರನ್ನು ಬೇಕಾದಷ್ಟು ಕಂಡಿದ್ದೇನೆ. ಕುಡಿಯುವ ನೀರಿನ ಕೊಳವೆಗೆ ಚರಂಡಿ ಸೇರಿಕೊಂಡು ಕೆಳಗಿನ ಬೀದಿಯಲ್ಲಿ ಹತ್ತೊಂಬತ್ತು ಮಂದಿ ಸತ್ತ ವರ್ಷ ನನಗೆ ಮೂವತ್ತಮೂರು. ಆಗಲೂ ಒಂದು ಪ್ರಕಟಣೆ ಬಂದಿತ್ತು: 'ನೀರಿನಲ್ಲಿ ದೋಷ ಕಂಡುಬಂದಿಲ್ಲ.' ಆ ಪತ್ರಿಕೆಯ ತುಣುಕು ಇವತ್ತಿಗೂ ನನ್ನ ಹತ್ತಿರ ಇದೆ. ಅದಕ್ಕೆ ಸಹಿ ಹಾಕಿದವರು ಬಡ್ತಿ ಪಡೆದು, ಹಾರ ಹಾಕಿಸಿಕೊಂಡು ನಿವೃತ್ತರಾದರು.

ಪ್ರಯೋಗಾಲಯಕ್ಕೆ ಇವತ್ತು ಕಾಗದ ಹಾಕಿದೆ. ತಮ್ಮನ ಚೀಟಿಯ ಮೂಲೆಯಲ್ಲಿ ಯಾರೋ ಸಣ್ಣಕ್ಷರದಲ್ಲಿ ಸಹಿ ಹಾಕಿದ್ದಾರೆ. ಅದು ಯಾರ ಕೈ? ನನಗೆ ಆ ಕೈ ಬೇಕು. ಆ ಕೈಯ ಕೆಲಸ ಹೋಗಬೇಕು.

ಫೆಬ್ರವರಿ 19

ಉತ್ತರ ಬಂತು. ಮೂರು ಸಾಲು. 'ತಮ್ಮ ಸಹೋದರರು ಕಫದ ಬದಲು ಎಂಜಲನ್ನು ನೀಡಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.'

ಎಂಜಲು! ಇಪ್ಪತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದವನು ಅವನು. ಹೇಳಿದ ಕೆಲಸ ಹೇಳಿದ ಹಾಗೆ ಮಾಡದಿದ್ದರೆ ಹತ್ತು ಜನ ಕೆಳಕ್ಕೆ ಬೀಳುತ್ತಾರೆಂದು ಗೊತ್ತಿದ್ದವನು. ಅಂದು ಬೆಳಗ್ಗೆ ಎದ್ದು, ಬಾಯಿ ಮುಕ್ಕಳಿಸಿ, ಡಬ್ಬಿ ಹಿಡಿದು ಬಾಲ್ಕನಿಯಲ್ಲಿ ನಿಂತು ಕೆಮ್ಮಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. "ಅಪ್ಪಾ ಸಾಕು, ಬೀದಿಯೋರೆಲ್ಲ ಎದ್ದುಬಿಟ್ರು" ಎಂದು ಮಗಳು ಅಂದದ್ದಕ್ಕೆ, "ಏಳ್ಲಿ ಬಿಡೇ, ನನ್ನ ಲಿಫ್ಟಲ್ಲಿ ಪುಕ್ಕಟೆ ಓಡಾಡಲ್ವಾ" ಎಂದ. ಡಬ್ಬಿಯ ಮುಚ್ಚಳವನ್ನು ಎರಡು ಸಲ ತಿರುಗಿಸಿ ನೋಡಿ ಕೊಟ್ಟ.

ಸತ್ತವನ ಬಾಯಿಗೆ ಅವನದೇ ಎಂಜಲು ಹಚ್ಚುತ್ತಾರೆ.

ಫೆಬ್ರವರಿ 21

ಪ್ರಯೋಗಾಲಯಕ್ಕೆ ಹೋಗಿದ್ದೆ. ಉದ್ದನೆಯ ಕಾರಿಡಾರು, ಗೋಡೆಗೆ ಸೊಂಟದೆತ್ತರದವರೆಗೆ ಹಸಿರು ಬಣ್ಣ, ಕೊನೆಯಲ್ಲಿ ಗಾಜಿನ ಕಿಟಕಿ. ಕಿಟಕಿಯಲ್ಲಿ ಕೂತಿದ್ದವನಿಗೆ ಚೀಟಿ ತೋರಿಸಿ, ಈ ಸಹಿ ಯಾರದು ಎಂದು ಕೇಳಿದೆ. ಅವನು ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಬಿಳಿ ಕೋಟು ಹಾಕಿದ್ದ ಹೆಂಗಸೊಬ್ಬಳು ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಬಂದಳು. ನಲವತ್ತರ ಆಸುಪಾಸು.

"ನನ್ನದು ಮೇಡಂ."

"ಓದೋಕೆ ಬರುತ್ತಾ ನಿಮಗೆ? ಇಲ್ಲೇನು ಬರೆದಿದ್ದೀರಿ ಓದಿ."

"ಮೇಡಂ, ಇಲ್ಲಿ ಬೇಡ..."

"ಇಲ್ಲಿ ಬೇಡ, ಅಲ್ಲಿ ಬೇಡ, ಮತ್ತೆಲ್ಲಿ? ಸ್ಮಶಾನಕ್ಕೆ ಬರ್ತೀರಾ? ಅವನು ಅಲ್ಲೇ ಇದ್ದಾನೆ. ಅಲ್ಲೇ ಓದಿ ಹೇಳೋರಂತೆ."

ಸರದಿಯಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಆ ಹೆಂಗಸು ಚೀಟಿ ಕೈಗೆ ತೆಗೆದುಕೊಂಡಳು. ಚೀಟಿಯ ಸಂಖ್ಯೆಯನ್ನು ಮಾತ್ರ ನೋಡಿದಳು, ಬಹಳ ಹೊತ್ತು. ಆಮೇಲೆ ಟ್ರೇ ಎತ್ತಿಕೊಂಡು ಒಳಗೆ ಹೋದಳು.

ಫೆಬ್ರವರಿ 22

ನಿನ್ನೆ ಕೂಗಾಡಿದ್ದಕ್ಕೆ ನನಗೆ ನಾಚಿಕೆಯಿಲ್ಲ.

ಮಾರ್ಚ್ 3

ಬೆಳಗ್ಗೆ ಹತ್ತಕ್ಕೆ ನಗರದ ವಾಚನಾಲಯದಲ್ಲಿ ಪತ್ರಿಕೆ ಓದುತ್ತಿದ್ದೆ. ನನ್ನೆದುರಿನ ಕುರ್ಚಿಯನ್ನು ಸದ್ದಾಗದಂತೆ ಎಳೆದು ಆ ಹೆಂಗಸು ಬಂದು ಕೂತಳು. ಇವತ್ತು ಕೋಟು ಇರಲಿಲ್ಲ. ನಾನು ದಿನವೂ ಇಲ್ಲಿರುತ್ತೇನೆಂದು ಯಾರೋ ಹೇಳಿದರಂತೆ.

"ನಿಮ್ಮ ತಮ್ಮ ಎಂಜಲು ಕೊಟ್ಟಿರಲಿಲ್ಲ ಮೇಡಂ. ಒಳ್ಳೇ ಕಫಾನೇ ಕೊಟ್ಟಿದ್ರು. ಅದನ್ನ ಹೇಳೋಕೆ ಬಂದೆ."

ಎದ್ದು ಹೋಗಬೇಕೆಂದುಕೊಂಡೆ. ಹೋಗಲಿಲ್ಲ. ಅವಳು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ.

ಕಫದಲ್ಲಿ ರೋಗಾಣು ಇದ್ದರೂ ಅದು ಲೋಳೆಯ ನಡುವೆ ಹೂತುಕೊಂಡಿರುತ್ತದೆ. ಆ ಲೋಳೆಯನ್ನು ಅಂಟಾಗಿ ಹಿಡಿದಿಡುವುದು ಪ್ರೋಟೀನು. ಅದನ್ನು ಕರಗಿಸಲು ಒಂದು ಕಿಣ್ವ ಹಾಕುತ್ತಾರೆ. ಮಣ್ಣಿನಲ್ಲಿ ಬೆಳೆಯುವ ಒಂದು ಜಾತಿಯ ಬೂಷ್ಟಿನಿಂದ ಸಿಕ್ಕಿದ್ದು. ಹೆಸರು ಪ್ರೋಟೀನೇಸ್ ಕೆ. ಪ್ರೋಟೀನು ಕಂಡರೆ ಸಾಕು, ತುಂಡು ತುಂಡು ಮಾಡಿ ಹಾಕುತ್ತದೆ. ಸೋಪಿನಂಥ ರಾಸಾಯನಿಕಕ್ಕೂ ಬಗ್ಗದು, ಐವತ್ತಾರು ಡಿಗ್ರಿ ಬಿಸಿಯಲ್ಲೂ ಹುರುಪಿನಿಂದ ದುಡಿಯುತ್ತದೆ. ಲ್ಯಾಬಿನಲ್ಲಿ ಅದಕ್ಕೆ ಇಟ್ಟ ಅಡ್ಡಹೆಸರು 'ಹಸಿದವನು'.

"ಅವನ ಕೆಲಸ ಮುಗಿದಮೇಲೆ ಅವನನ್ನ ಕೊಲ್ಲಬೇಕು ಮೇಡಂ. ತೊಂಬತ್ತೈದು ಡಿಗ್ರಿ, ಹತ್ತು ನಿಮಿಷ. ಯಾಕಂದ್ರೆ ಮುಂದೆ ಇನ್ನೊಂದು ಕಿಣ್ವ ಹಾಕ್ತೀವಿ. ರೋಗಾಣುವಿನ ಡಿಎನ್‌ಎ ಒಂದಿದ್ರೆ ಕೋಟಿ ನಕಲು ಮಾಡಿ ತೋರಿಸೋದು ಅದು. ಅದೂ ಪ್ರೋಟೀನೇ ಅಲ್ವಾ? ಹಸಿದೋನು ಇನ್ನೂ ಬದುಕಿದ್ರೆ ಅದನ್ನೂ ತಿಂದು ಹಾಕ್ತಾನೆ. ಆಮೇಲೆ ರೋಗಾಣು ಇದ್ರೇನು, ತೋರಿಸೋರೇ ಇರಲ್ಲ."

"ಅದಕ್ಕೆ?"

"ಹತ್ತು ನಿಮಿಷ ಎರಡು ನಿಮಿಷ ಆಯ್ತು."

ಅಕ್ಟೋಬರಿನಲ್ಲಿ ಪರೀಕ್ಷೆಗೆ ಕಾದಿದ್ದ ಡಬ್ಬಿಗಳು ಫ್ರಿಜ್ಜು ತುಂಬಿ ನೆಲಕ್ಕೆ ಬಂದಿದ್ದವಂತೆ. ನವೆಂಬರ್ ಇಪ್ಪತ್ತಕ್ಕೆ ಮೇಲಿನವರು ತಪಾಸಣೆಗೆ ಬರುವವರಿದ್ದರು. ಅಷ್ಟರೊಳಗೆ ಒಂದೂ ಬಾಕಿ ಇರಬಾರದು. ಪ್ರಯೋಗಾಲಯದ ಮುಖ್ಯಸ್ಥರು ಸದಾ ಕೆಲಸಗಾರರ ಬೆನ್ನ ಹಿಂದೆ ನಿಂತು ಗೋಡೆಯ ಗಡಿಯಾರ ನೋಡುವವರು. ಇವರೆಲ್ಲ ಅವರನ್ನು ಕರೆಯುವುದೇ 'ಗಡಿಯಾರ' ಎಂದು. ಬಿಸಿ ಮಾಡುವ ಪೆಟ್ಟಿಗೆ ಇರುವುದು ಒಂದೇ, ಅಲ್ಲಿಯೇ ಸಾಲು ನಿಲ್ಲುತ್ತಿದೆ ಎಂದು ಅವರು ಕಂಡುಹಿಡಿದರು. ಹತ್ತನ್ನು ಎರಡು ಮಾಡಿದರು. ಅದು ಅಕ್ಟೋಬರ್ ಒಂಬತ್ತು.

"ಕೆಟ್ಟಿದೆ ಅಂತ ನಿಮಗೆ ಗೊತ್ತಾಗಲಿಲ್ವಾ?" ಎಂದೆ.

"ಗೊತ್ತಾಯ್ತು." ಅವಳು ಮೇಜನ್ನೇ ನೋಡುತ್ತಿದ್ದಳು. "ಪ್ರತಿ ಟ್ಯೂಬಿಗೂ ನಾವೇ ಒಂದು ಗೊತ್ತಿರೋ ಡಿಎನ್‌ಎ ಹಾಕಿರ್ತೀವಿ. ಸಾಕ್ಷಿ ಅಂತೀವಿ. ರೋಗ ಇರಲಿ ಬಿಡಲಿ, ಸಾಕ್ಷಿ ಬೆಳಗಲೇಬೇಕು. ಬೆಳಗಲಿಲ್ಲ ಅಂದ್ರೆ ಪರೀಕ್ಷೇನೇ ಸತ್ತಿದೆ ಅಂತ. ನಿಮ್ಮ ತಮ್ಮನ ಟ್ಯೂಬಲ್ಲಿ ಸಾಕ್ಷಿ ಬೆಳಗಿರಲಿಲ್ಲ."

ಆದರೆ ಚೀಟಿಯಲ್ಲಿ ಇರುವುದು ಎರಡೇ ಚೌಕ. ಪತ್ತೆಯಾಗಿದೆ, ಪತ್ತೆಯಾಗಿಲ್ಲ. 'ಪರೀಕ್ಷೆ ಕೆಟ್ಟಿದೆ' ಎನ್ನುವುದಕ್ಕೆ ಮೂರನೆಯ ಚೌಕ ಅಚ್ಚು ಹಾಕಿಸಿಲ್ಲ. ಹಿಂದೆಲ್ಲ ಸಾಕ್ಷಿ ಬೆಳಗದಿದ್ದರೆ ಚೀಟಿಯನ್ನೇ ಬರೆಯದೆ ಇನ್ನೊಮ್ಮೆ ಪರೀಕ್ಷೆ ಮಾಡುತ್ತಿದ್ದರು. ಈ ಸಲ ಮತ್ತೆ ಮಾಡುತ್ತೇನೆಂದು ಇವಳು ಕೇಳಿದಾಗ ಗಡಿಯಾರ ಹೇಳಿದ್ದಂತೆ: "ರೋಗಾಣು ಕಾಣಿಸ್ತಾ? ಇಲ್ಲ ತಾನೆ? ಹಾಗಾದ್ರೆ ಇಲ್ಲ ಅಂತ ಬರಿ. ಅದರಲ್ಲಿ ಸುಳ್ಳೇನಿದೆ?"

ಇವಳು ಬರೆದಳು. ಆರು ವಾರ. ತಪಾಸಣೆ ಮುಗಿದ ಮರುದಿನ ಎರಡು ನಿಮಿಷ ಮತ್ತೆ ಹತ್ತಾಯಿತಂತೆ.

"ಎಷ್ಟು ಜನ?" ಎಂದೆ.

"ನೂರಾ ಎಂಬತ್ತೇಳು."

ನಾನು ಪತ್ರಿಕೆ ಮಡಚಿಟ್ಟು ಎದ್ದು ಬಂದೆ.

ಮಾರ್ಚ್ 5

ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಹುಡುಕಿದೆ. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಹೆಸರಿನ 'ಕೆ' ಬಂದದ್ದು ಕೆರಾಟಿನ್‌ನಿಂದ, ಎಂದರೆ ಕೂದಲು, ಉಗುರುಗಳ ಪ್ರೋಟೀನಿನಿಂದ. ಅದನ್ನೂ ಕರಗಿಸಬಲ್ಲದು. ಅರ್ಧ ಶತಮಾನದಿಂದ ಜಗತ್ತಿನ ಲ್ಯಾಬುಗಳಲ್ಲೆಲ್ಲ ದುಡಿಯುತ್ತಿದೆ. ಯಾರಿಗೂ ಮೋಸ ಮಾಡುವುದು ಅದಕ್ಕೆ ತಿಳಿಯದು. ಬಿಸಿ ಕೊಟ್ಟರೆ ಸಾಯುತ್ತದೆ, ಕೊಡದಿದ್ದರೆ ತಿನ್ನುತ್ತದೆ. ಪುಸ್ತಕ ಮುಚ್ಚುವಾಗ ಆ ಬೂಷ್ಟಿನ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡಿದೆ. ಬರಲಿಲ್ಲ.

ಅವಳ ಮೇಲೆ ಬಂತು. ಗೊತ್ತಿದ್ದೂ ಬರೆದಳಲ್ಲ.

ಮಾರ್ಚ್ 12

ತಮ್ಮನ ಮಗಳಿಗೂ ಬಂದಿದೆ. ದೊಡ್ಡಾಸ್ಪತ್ರೆಯಲ್ಲಿ ನಮ್ಮಿಬ್ಬರನ್ನೂ ಪರೀಕ್ಷಿಸಿದರು. ನನ್ನ ಚೀಟಿ ನೋಡಿ ವೈದ್ಯರು "ನಿಮಗಿಲ್ಲ" ಎಂದರು. ಸಾಕ್ಷಿ ಬೆಳಗಿತಾ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, ಒಳಗೆ ಹೋಗಿ ಕೇಳಿಕೊಂಡು ಬಂದು, "ಬೆಳಗಿದೆ" ಎಂದರು.

ಹುಡುಗಿಗೆ ಇಪ್ಪತ್ನಾಲ್ಕು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಅಲ್ಲಿಗೆ ಎರಡು ತಿಂಗಳು ಹೋಗುವ ಹಾಗಿಲ್ಲವಂತೆ. ಬಸ್ಸಿನಲ್ಲಿ ಕಿಟಕಿ ತೆರೆದು, ಮುಖವಸ್ತ್ರದೊಳಗಿಂದಲೇ ಹೇಳಿದಳು:

"ಅತ್ತೆ, ಹಾಗೆ ನೋಡ್ಬೇಡಿ. ಆರು ತಿಂಗಳು ಮಾತ್ರೆ ತಗೊಂಡ್ರೆ ವಾಸಿ ಆಗುತ್ತೆ ಅಂದಿದ್ದಾರೆ. ಅಪ್ಪಂದು ತಡ ಆಯ್ತು, ನಂದು ಆಗಿಲ್ಲ."

"ಹೂಂ."

"ಮಾತ್ರೆ ಮರೆತರೆ ನೀವು ಬಯ್ತೀರಲ್ಲ, ಅದಕ್ಕೇ ವಾಸಿ ಆಗ್ಬೇಕು ನಾನು."

ಅಪ್ಪನಂತೆಯೇ. ಸಾವಿನ ಮನೆ ಬಾಗಿಲಲ್ಲೂ ತಮಾಷೆ.

ಅಪ್ಪಂದು ತಡ ಆಯ್ತು ಎಂದಳು. ಏಕೆ ತಡವಾಯಿತು ಎಂದು ಅವಳು ಕೇಳಲಿಲ್ಲ. ಅವಳಿಗೆ ಗೊತ್ತಿದೆ, ಆ ದಿನ ಅವಳೂ ಅಡುಗೆಮನೆಯಲ್ಲಿ ಇದ್ದಳು. ಬರೆಯುತ್ತೇನೆ. ನವೆಂಬರ್ ಎಂಟು ಅಥವಾ ಒಂಬತ್ತು. ಅವನು ಗೋಡೆ ಹಿಡಿದು ಬಂದು, "ಅಕ್ಕಾ, ಇನ್ನೊಂದ್ಸಲ ಪರೀಕ್ಷೆ ಮಾಡಿಸ್ಲಾ? ನಂಗ್ಯಾಕೋ ಸರಿ ಕಾಣ್ತಿಲ್ಲ" ಎಂದ. ನಾನು ಹೇಳಿದೆ: "ಬರೆದು ಕೊಟ್ಟಿದ್ದಾರಲ್ಲೋ. ಕಣ್ಣಿಗೆ ಕಾಣೋ ಅಕ್ಷರ ನಂಬು. ಸುಮ್ನೆ ರೋಗ ರೋಗ ಅಂತ ಮಗೂನ ಹೆದರಿಸ್ಬೇಡ. ಹಟ ಮಾಡದೆ ಕೆಲಸಕ್ಕೆ ಹೋಗು, ಕೂತರೆ ಮೈ ಇನ್ನೂ ಜಡ ಆಗುತ್ತೆ." ಅವನು ಸರಿ ಅಕ್ಕಾ ಎಂದ. ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದ. ಐವತ್ತೆರಡು ವರ್ಷ ನನ್ನ ಮಾತು ಮೀರದವನು.

ಇಷ್ಟೆ. ಬರೆದೆ.

ಮಾರ್ಚ್ 13

ಏನೂ ಮಾಡಲಿಲ್ಲ.

ಮಾರ್ಚ್ 19

ಮೂರು ಸಲ ಅರ್ಜಿ ಹಾಕಿದ ಮೇಲೆ ಮುಖ್ಯಸ್ಥರು ಭೇಟಿಗೆ ಒಪ್ಪಿದರು. ಕೋಣೆ ತಂಪಾಗಿತ್ತು. ನನ್ನನ್ನು ಕೂರಿಸಿ, ತಾವೇ ಎದ್ದು ಬಾಗಿಲು ಹಾಕಿದರು. ಮರ್ಯಾದೆಗೆ ಏನೂ ಕೊರತೆಯಿಲ್ಲ.

"ತಾವು ಓದಿದವರು, ನಿಮ್ಮ ಹತ್ರ ಮುಚ್ಚಿಡೋದೇನು. ಒಬ್ಬ ಸಿಬ್ಬಂದಿಯಿಂದ ಲೋಪ ಆಗಿದೆ. ಆಕೆ ಮೇಲೆ ಕ್ರಮ ತಗೋತೀವಿ. ಕೆಲಸದಿಂದಲೇ ತೆಗೀತೀವಿ. ತಾವು ಕೇಳಿದ್ದೂ ಅದನ್ನೇ ಅಲ್ವಾ?"

ಹೌದು, ನನ್ನ ಮೊದಲ ಕಾಗದದ ಪ್ರತಿ ಅವರ ಮೇಜಿನ ಮೇಲಿತ್ತು. ನನ್ನದೇ ಅಕ್ಷರ, ಎರಡು ಕಡೆ ಅಡಿಗೆರೆ.

"ಹತ್ತು ನಿಮಿಷ ಎರಡು ಮಾಡಿದ್ದು ಆಕೆಯಾ?" ಎಂದೆ.

ಅವರ ಮುಖ ಸ್ವಲ್ಪ ಬದಲಾಯಿತು. "ಅದೆಲ್ಲ ತಾಂತ್ರಿಕ ವಿಷಯ ತಾಯಿ."

"ನವೆಂಬರ್ ಇಪ್ಪತ್ತೊಂದಕ್ಕೆ ಎರಡನ್ನ ಮತ್ತೆ ಹತ್ತು ಮಾಡಿದ್ರಲ್ಲ, ಅದೂ ತಾಂತ್ರಿಕಾನಾ? ಕೆಟ್ಟಿದೆ ಅಂತ ಗೊತ್ತಿಲ್ಲದೆ ಯಾರಾದ್ರೂ ರಿಪೇರಿ ಮಾಡ್ತಾರಾ?"

ಅವರು ಗೋಡೆಯ ಕಡೆ ನೋಡಿದರು. ಅಲ್ಲಿ ಗಡಿಯಾರ ಇತ್ತು.

"ಇನ್ನುಳಿದ ನೂರಾ ಎಂಬತ್ತಾರು ಜನರನ್ನ ಕರೆದ್ರಾ?"

"ನೋಡಿ, ಜನರಲ್ಲಿ ಸುಮ್ಮನೆ ಭಯ ಹುಟ್ಟಿಸಬಾರದು. ಕಾಯಿಲೆ ಇದ್ದವರು ತಾವೇ ಎಲ್ಲಾದರೂ ತೋರಿಸ್ಕೋತಾರೆ."

"ನಮ್ಮೋನು ತೋರಿಸ್ಕೊಳ್ಳಲಿಲ್ಲ. ನಿಮ್ಮ ಚೀಟಿ ಇತ್ತು."

ಬಾಗಿಲ ತನಕ ಬಂದು ಬೀಳ್ಕೊಟ್ಟರು. ಆಕೆಯ ಕೆಲಸದ ವಿಷಯ ಬರವಣಿಗೆಯಲ್ಲಿ ತಿಳಿಸಲೇ ಎಂದು ಕೇಳಿದರು. ಬೇಡ ಎಂದೆ. ಆ ಕಾಗದ ವಾಪಸು ಕೊಡಿ ಎಂದೆ. ಅದು ಕಡತಕ್ಕೆ ಸೇರಿಹೋಗಿದೆಯಂತೆ.

ಮಾರ್ಚ್ 24

ಲ್ಯಾಬಿನವಳನ್ನು ಅಮಾನತು ಮಾಡಿದ್ದಾರೆ. ಆದೇಶದಲ್ಲಿ ಮೊದಲ ಸಾಲೇ 'ಸಾರ್ವಜನಿಕರ ದೂರಿನ ಮೇರೆಗೆ.' ಆ ಸಾರ್ವಜನಿಕರು ನಾನು.

ಮಧ್ಯಾಹ್ನ ಮನೆಗೆ ಬಂದಳು. ಮೂರು ಮಹಡಿ ಹತ್ತಿ ಬಂದಿದ್ದಳು, ನಮ್ಮ ಕಟ್ಟಡದ ಲಿಫ್ಟು ಡಿಸೆಂಬರಿನಿಂದ ಕೆಟ್ಟಿದೆ, ನೋಡುವವರಿಲ್ಲ. ಒಳಗೆ ಬಾ ಎಂದೆ. ನೀರು ಕೊಟ್ಟೆ. ಚೀಲದಿಂದ ರಟ್ಟಿನ ಹೊದಿಕೆಯ ನೋಟುಪುಸ್ತಕ ತೆಗೆದಳು. ಅವಳ ಮೇಜಿನ ಸ್ವಂತ ಪುಸ್ತಕ. ಆ ಆರು ವಾರದ ಪುಟಗಳಲ್ಲಿ ಸಾಕ್ಷಿ ಬೆಳಗದ ಪ್ರತಿ ಚೀಟಿಯ ಸಂಖ್ಯೆಯ ಮುಂದೆ ಪೆನ್ಸಿಲ್ಲಿನ ಒಂದು ಅಡ್ಡಗೆರೆ.

"ಹೆಸರಿಲ್ಲ ಇದರಲ್ಲಿ. ಹೆಸರು, ವಿಳಾಸ ಎಲ್ಲ ಆಫೀಸಲ್ಲಿದೆ. ನಂಬರು ಮಾತ್ರ ಇದೆ."

"ಗೆರೆ ಯಾಕೆ ಹಾಕ್ದೆ?"

"ಚೀಟೀಲಿ ಬರೆಯೋಕೆ ಜಾಗ ಇರಲಿಲ್ವಲ್ಲ. ಎಲ್ಲಾದ್ರೂ ಒಂದು ಕಡೆ ಇರಲಿ ಅಂತ." ಲೋಟ ಕೆಳಗಿಟ್ಟಳು. "ಅಕ್ಕಾ, ಅವರು ಹೇಳಿದ್ರು ನಿಜ, ಆದ್ರೆ ಬರೆದದ್ದು ನನ್ನ ಕೈ. ಮನೆಗೆ ಹೋಗಿ ಮಕ್ಕಳಿಗೆ ಊಟ ಹಾಕಿದೆ. ಮಾರನೇ ದಿನ ಬಂದು ಮತ್ತೆ ಬರೆದೆ."

ನನಗೆ ಸಮಾಧಾನ ಹೇಳಲು ಬರಲಿಲ್ಲ. ಹೇಳಬಾರದು ಎಂದೂ ಅನಿಸಿತು. ಬದಲಿಗೆ ನವೆಂಬರಿನಲ್ಲಿ ನಾನು ತಮ್ಮನಿಗೆ ಏನು ಹೇಳಿದೆ ಎಂಬುದನ್ನು ಅವಳಿಗೆ ಹೇಳಿದೆ. ಈ ದಿನಚರಿ ಬಿಟ್ಟರೆ ಇನ್ನಾರಿಗೂ ಹೇಳಿರಲಿಲ್ಲ. ಅವಳೂ ಸಮಾಧಾನ ಹೇಳಲಿಲ್ಲ. ಇಬ್ಬರೂ ಕೂತು ಸಂಖ್ಯೆಗಳನ್ನು ದೊಡ್ಡ ಹಾಳೆಗೆ ಇಳಿಸಿದೆವು. ಅವಳು ಓದುವುದು, ನಾನು ಬರೆಯುವುದು. ತಮ್ಮನ ಸಂಖ್ಯೆ ಬಂದಾಗ ಅವಳು ನಿಂತಳು. "ಮುಂದಿನದು ಓದು" ಎಂದೆ.

ಅಕ್ಕಾ ಎನ್ನುವುದು ಕಿವಿಗೆ ಬಿದ್ದು ಬಹಳ ದಿನವಾಗಿತ್ತು.

ಮಾರ್ಚ್ 26

ಬೆಳಗ್ಗೆ ಎಂಟಕ್ಕೆ ಪ್ರಯೋಗಾಲಯದ ಗೇಟಿನ ಹೊರಗೆ ಹಾಳೆ ಹಿಡಿದು ನಿಂತೆವು. ಕಾವಲುಗಾರ ಬಂದು, "ಇಲ್ಲೆಲ್ಲ ಅಂಟಿಸಂಗಿಲ್ಲ" ಎಂದ. "ಅಂಟಿಸಿಲ್ಲಪ್ಪ, ಕೈಯಲ್ಲಿ ಹಿಡಿದಿದ್ದೀನಿ. ಕೈಗೂ ಅಪ್ಪಣೆ ಬೇಕಾ?" ಎಂದೆ. ಸ್ವಲ್ಪ ಹೊತ್ತು ಅಲ್ಲೇ ಅಡ್ಡಾಡಿದ. ಆಮೇಲೆ ಹತ್ತಿರ ಬಂದು, ತನ್ನ ಪರ್ಸಿನಿಂದ ಚೀಟಿ ತೆಗೆದು, ಹೆಂಡತಿಯದು, ನೋಡಿ ಎಂದ. ಪಟ್ಟಿಯಲ್ಲಿ ಇರಲಿಲ್ಲ. ಗೇಟಿಗೆ ಒರಗಿ ನಿಂತುಬಿಟ್ಟ.

ಮೂರು ಜನ ಸಿಕ್ಕರು.

ಮಾರ್ಚ್ 31

ಮಾತ್ರೆಯಿಂದ ತಮ್ಮನ ಮಗಳಿಗೆ ವಾಂತಿ. ಆದರೂ ಮಲಗಿದಲ್ಲಿಂದಲೇ ಫೋನಿನಲ್ಲಿ ತನ್ನ ಪರಿಚಯದವರನ್ನೆಲ್ಲ ಕೇಳುತ್ತಿದ್ದಾಳೆ. ಅವಳಿಂದಲೇ ತಿಳಿಯಿತು, ಮಾರುಕಟ್ಟೆ ಹಿಂದಿನ ಕ್ಷೌರದಂಗಡಿಯಲ್ಲಿ ಅಂಥದೊಂದು ಚೀಟಿ ಇದೆ ಎಂದು. ಲ್ಯಾಬಿನವಳನ್ನೂ ಕರೆದುಕೊಂಡು ಹೋದೆ.

ಎರಡು ಕುರ್ಚಿಯ ಅಂಗಡಿ. ಕ್ಷೌರಿಕನಿಗೆ ಕೆಮ್ಮು ಬಂದಾಗಿನಿಂದ ಗಿರಾಕಿಗಳು ಮುಖ ತಿರುಗಿಸುತ್ತಿದ್ದರಂತೆ. ಅದಕ್ಕೇ ಚೀಟಿಯನ್ನು ಕನ್ನಡಿಯ ಮೇಲೆ, ಎಲ್ಲರಿಗೂ ಕಾಣುವಂತೆ ನಾಲ್ಕು ಮೂಲೆಗೂ ಟೇಪು ಹಾಕಿ ಅಂಟಿಸಿದ್ದ. 'ಪತ್ತೆಯಾಗಿಲ್ಲ' ಎಂಬ ಚೌಕದ ಸುತ್ತ ಕೆಂಪು ಶಾಯಿಯಲ್ಲಿ ಗೆರೆ. ಲ್ಯಾಬಿನವಳು ಸಂಖ್ಯೆ ನೋಡಿ ನನ್ನ ಕೈ ಹಿಡಿದಳು.

"ಏನ್ರಮ್ಮ, ನಿಮಗೂ ಅನುಮಾನಾನಾ?" ಎಂದ ಅವನು ನಗುತ್ತ. ಆಳು ಸೋತು ಕಡ್ಡಿಯಾಗಿದ್ದ. "ಓದ್ಕೊಳಿ. ಸರ್ಕಾರದೋರೇ ಬರೆದು ಕೊಟ್ಟಿರೋದು."

ನಾನೇ ಹೇಳಿದೆ. ಹೇಳುವಷ್ಟು ಹೊತ್ತೂ ಅವನ ಕೈಯಲ್ಲಿ ಬಾಚಣಿಗೆ ಹಾಗೇ ಇತ್ತು. ಕೇಳಿದ ಮೇಲೆ ಅವನು ನೋಡಿದ್ದು ನಮ್ಮನ್ನಲ್ಲ, ಖಾಲಿ ಕುರ್ಚಿಯನ್ನು.

"ಐದು ತಿಂಗಳಲ್ಲಿ ಎಷ್ಟು ತಲೆ ಮುಟ್ಟಿದೀನಿ ಗೊತ್ತಾ? ಇಷ್ಟು ಹತ್ರ." ಬಾಚಣಿಗೆಯನ್ನು ತನ್ನ ಮುಖದ ಮುಂದೆ ಹಿಡಿದು ತೋರಿಸಿದ. "ಇಷ್ಟು ಹತ್ರ ಅಮ್ಮಾ."

ಉಗುರಿನಿಂದ ಟೇಪು ಕೀಳಲು ಹೋದ. ಬರಲಿಲ್ಲ. ಲ್ಯಾಬಿನವಳು ಸಹಾಯ ಮಾಡಿದಳು. ಕಾಗದದ ಅರ್ಧ ಕನ್ನಡಿಯ ಮೇಲೇ ಉಳಿಯಿತು. ಅವನನ್ನು ದೊಡ್ಡಾಸ್ಪತ್ರೆಯ ಬಸ್ಸಿಗೆ ಹತ್ತಿಸಿ ನಾವೂ ಜೊತೆಗೆ ಹೋದೆವು.

ಏಪ್ರಿಲ್ 4

ಕ್ಷೌರಿಕನಿಗೆ ಪತ್ತೆಯಾಗಿದೆ.

ಏಪ್ರಿಲ್ 9

ನಾಳೆ ಪತ್ರಿಕೆಗೆ ಕೊಡುವ ಕಾಗದ. ಲ್ಯಾಬಿನವಳು ಓದಿ ನೋಡಿದಳು, ತಮ್ಮನ ಮಗಳೂ ಓದಿದಳು. "ಅತ್ತೆ, ಕೊನೇ ಭಾಗದಲ್ಲಿ ಅದನ್ನ ಬರೀಲೇಬೇಕಾ?" ಎಂದಳು. ಬರೆಯಲೇಬೇಕು ಎಂದೆ. ಪ್ರತಿಯನ್ನು ಇಲ್ಲಿ ಇಟ್ಟುಕೊಳ್ಳುತ್ತೇನೆ.

'ಪ್ರಯೋಗಾಲಯದ ಮುಖ್ಯಸ್ಥರಿಗೆ ಮತ್ತು ಅವರ ಮೇಲಿನವರಿಗೆ,

ಕಳೆದ ಅಕ್ಟೋಬರ್ ಒಂಬತ್ತರಿಂದ ನವೆಂಬರ್ ಇಪ್ಪತ್ತರವರೆಗೆ ನೀವು ಹತ್ತು ನಿಮಿಷದ ಬಿಸಿಯನ್ನು ಎರಡು ನಿಮಿಷಕ್ಕೆ ಇಳಿಸಿ ನೂರಾ ಎಂಬತ್ತೇಳು ಮಂದಿಯ ಕ್ಷಯದ ಪರೀಕ್ಷೆಯನ್ನು ಕೆಡಿಸಿದಿರಿ. ಕೆಟ್ಟಿದೆ ಎಂದು ಗೊತ್ತಿದ್ದೂ ಆರೋಗ್ಯವಂತರೆಂದು ಚೀಟಿ ಕೊಟ್ಟಿರಿ. ತಪಾಸಣೆ ಮುಗಿದ ಮರುದಿನವೇ ಬಿಸಿಯನ್ನು ಸದ್ದಿಲ್ಲದೆ ಸರಿ ಮಾಡಿದಿರಿ. ಚೀಟಿಗಳನ್ನು ಸರಿ ಮಾಡಲಿಲ್ಲ. ಇಬ್ಬರು ಹೆಂಗಸರು ಬೀದಿಯಲ್ಲಿ ನಿಂತು ಎರಡು ವಾರದಲ್ಲಿ ಇಪ್ಪತ್ತೊಂಬತ್ತು ಜನರನ್ನು ಹುಡುಕಿದ್ದೇವೆ. ಅವರಲ್ಲಿ ಹನ್ನೊಂದು ಜನರಿಗೆ ರೋಗವಿದೆ. ನಾಲ್ವರು, ನನ್ನ ತಮ್ಮನೂ ಸೇರಿ, ಈಗಾಗಲೇ ಇಲ್ಲ. ಉಳಿದ ನೂರಾ ಐವತ್ತೆಂಟು ಜನರ ಹೆಸರು, ವಿಳಾಸ ನಿಮ್ಮ ಕಪಾಟಿನಲ್ಲಿದೆ. ಅವರು ಈ ಹೊತ್ತು ಯಾರದೋ ಪಕ್ಕದಲ್ಲಿ ಕೂತು ಕೆಮ್ಮುತ್ತಿದ್ದಾರೆ. ಪಕ್ಕದವರು ಗಾಬರಿಯಾದರೆ ನಿಮ್ಮ ಚೀಟಿ ತೆಗೆದು ತೋರಿಸುತ್ತಿದ್ದಾರೆ.

ಇನ್ನೊಂದು ಸಲ ಪರೀಕ್ಷೆ ಮಾಡಿಸುತ್ತೇನೆ ಎಂದ ತಮ್ಮನನ್ನು, ನಿಮ್ಮ ಅಕ್ಷರ ನಂಬಿ ತಡೆದವಳು ನಾನು. ಅದು ನನ್ನ ತಪ್ಪು. ಇಲ್ಲಿ ಬರೆದು ಸಹಿ ಹಾಕಿದ್ದೇನೆ. ಆ ಚೀಟಿ ಬರೆದದ್ದು ತನ್ನ ಕೈ ಎಂದು ನಿಮ್ಮ ತಂತ್ರಜ್ಞೆಯೂ ಒಪ್ಪಿ ನನ್ನ ಪಕ್ಕದಲ್ಲೇ ಸಹಿ ಹಾಕಿದ್ದಾಳೆ. ಎರಡು ನಿಮಿಷ ಸಾಕು ಎಂದವರ ಸಹಿ ಎಲ್ಲಿದೆ? ಉಳಿದವರನ್ನು ಯಾವ ದಿನ, ಎಷ್ಟು ಗಂಟೆಗೆ ಕರೆಯುತ್ತೀರಿ? ನಮ್ಮ ಮನೆಗೆ ಮೂರು ಸಾಲಿನ ಕಾಗದ ಕಳಿಸಬೇಡಿ. ಇದೇ ಪತ್ರಿಕೆಯಲ್ಲಿ, ಊರೆಲ್ಲ ಓದುವಂತೆ, ನಿಮ್ಮ ಹೆಸರು ಹಾಕಿ ಉತ್ತರ ಕೊಡಿ.'